ನಿಜಲಿಂಗಪ್ಪನವರು ಬೋರಲು ಮಲಗಿದ ಭಾನುವಾರ

ನಿಜಲಿಂಗಪ್ಪನವರ ತಲೆಯ ಹಿಂಭಾಗ ಚಪ್ಪಟೆ. ಅಷ್ಟಿಷ್ಟಲ್ಲ, ಅವರು ಗೋಡೆಗೆ ಒರಗಿ ನಿಂತರೆ ತಲೆಗೂ ಗೋಡೆಗೂ ನಡುವೆ ಪೋಸ್ಟ್ ಕಾರ್ಡು ತೂರುವುದಿಲ್ಲ. ಗಡಿಯಾಚೆ ಅವರು ನೆಲೆಸಿದ ಧನಕವಡಿಯ ಕ್ಷೌರಿಕ ಆ ಭಾಗಕ್ಕೆ ಬಂದಾಗಲೆಲ್ಲ ಕತ್ತರಿ ನಿಲ್ಲಿಸಿ ಮರಾಠಿಯಲ್ಲಿ ಒಂದು ನಿಟ್ಟುಸಿರು ಬಿಡುತ್ತಾನೆ. (ನಿಟ್ಟುಸಿರಿಗೆ ಭಾಷೆಯಿಲ್ಲ ಎನ್ನುವವರು ಅವನದನ್ನು ಕೇಳಿಲ್ಲ.)

ಈ ಅನ್ಯಾಯಕ್ಕೆಲ್ಲ ತಾಯಿ ನಾಗವ್ವನೇ ಕಾರಣ, ತಾನು ಹಸುಗೂಸಾಗಿದ್ದಾಗ ಆಕೆ ತನ್ನನ್ನು ಹಗಲೂ ರಾತ್ರಿ ಅಂಗಾತ ಮಲಗಿಸಿರಬೇಕು ಎಂಬುದು ಅವರ ಬಲವಾದ ಸಂಶಯ. ಹಾಗಾಗಿ, ಮದುವೆಯಾಗಿ ಎಷ್ಟೋ ವರ್ಷಕ್ಕೆ ಹೆಣ್ಣು ಕೂಸು ಹುಟ್ಟಿದಾಗ ಅವರು ಮೊದಲು ನೋಡಿದ್ದು ಅದರ ಮುಖವನ್ನಲ್ಲ, ತಲೆಯ ಹಿಂಭಾಗವನ್ನು. ದುಂಡಗಿತ್ತು! ಆ ದುಂಡುತನದ ಸಂರಕ್ಷಣೆಯೇ ತಮ್ಮ ಬಾಳಿನ ಪರಮ ಧ್ಯೇಯವೆಂದು ಆಸ್ಪತ್ರೆಯ ಮೆಟ್ಟಿಲ ಮೇಲೇ ಪ್ರತಿಜ್ಞೆ ಮಾಡಿದರು. ನಾಳೆ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುವ ಹುಡುಗಿ. ತಮಗಾದರೆ ಟೋಪಿ ಇದೆ, ಅವಳಿಗೆ?

ಡಾಕ್ಟರಬಾಯಿ ಮನೆಗೆ ಕಳಿಸುವಾಗ ಬೇರೆಯದನ್ನೇ ಹೇಳಿದ್ದರು. ಕೂಸನ್ನು ಅಂಗಾತ ಮಲಗಿಸಿ, ಹಾಸಿಗೆ ಗಟ್ಟಿಯಿರಲಿ, ದಿಂಬು ಬೇಡ, ಮುಖದ ಹತ್ತಿರ ಮೆತ್ತನೆಯದೇನೂ ಬೇಡ. ಹೆಂಡತಿ ಭಾಮಾ ಒಪ್ಪಿದಳು. ನಾಗವ್ವನೂ ಒಪ್ಪಿದಳು. ಅತ್ತೆ ಸೊಸೆ ಒಂದೇ ಮಾತಿಗೆ ಒಪ್ಪಿದ್ದು ಆ ಮನೆಯಲ್ಲಿ ಅದೇ ಮೊದಲು. ನಿಜಲಿಂಗಪ್ಪನವರು ಆಗಲೇ ಎಚ್ಚೆತ್ತುಕೊಳ್ಳಬೇಕಿತ್ತು. ಬದಲಿಗೆ ಅವರು ಕ್ಯಾಂಪ್ ಪೇಟೆಗೆ ಹೋಗಿ ರದ್ದಿ ಅಂಗಡಿಯಿಂದ ರಟ್ಟು ಹರಿದ ವಿಲಾಯಿತಿ ಪತ್ರಿಕೆಯೊಂದನ್ನು ತಂದರು.

"ಭಾಮಾ, ಇಲ್ನೋಡು. ಮುಂದುವರದ ದೇಶದಾಗ ಕೂಸಿನ್ನ ಹೊಟ್ಟಿ ಮ್ಯಾಲ ಡಬ್ಬ ಮಲಗಸ್ತಾರ. ಅದಕ್ಕ ಅವರ ತಲಿ ಟೊಮೆಟೊ ಇದ್ದಂಗ ಇರ್ತಾವ."

"ಅವರ ಟೊಮೆಟೊ ಅವರು ಬೇಕಾದಂಗ ಇಟ್ಕೊಳ್ಳಿ. ಡಾಕ್ಟರಬಾಯಿ ಅಂಗಾತ ಅಂದಾರ."

"ಆಕಿಗೆ ತಲಿ ಬಗ್ಗೆ ಕಾಳಜಿನ ಇಲ್ಲ."

"ಉಸಿರಿನ ಬಗ್ಗೆ ಅದ ರೀ! ಕೂಸಿಗೆ ಇನ್ನೂ ಕುತ್ತಿಗಿ ನಿಂತಿಲ್ಲ. ಮೂಗು ಹಾಸಿಗ್ಯಾಗ ಹುಗದ್ರ ತಾನ ತಿರುಗಿಸಿಕೊಳ್ತದೇನು?"

"ಅಷ್ಟಕ್ಕೆಲ್ಲಾ ಏನೂ ಆಗೂದಿಲ್ಲ."

"ಹಂಗಾದ್ರ ನೀವ ಮಲಗಿ ತೋರಸ್ರಿ. ಕುತ್ತಿಗಿ ತಿರುಗಸೂಹಂಗಿಲ್ಲ, ಕೈ ಊರೂಹಂಗಿಲ್ಲ. ರೇಡಿಯೋದಾಗಿನ ಈ ಹಾಡು ಮುಗಿಯೂತನಾ ತಡೀರಿ, ಆಮ್ಯಾಲ ಮಾತಾಡೂಣು."

ನಾಗವ್ವ ಉತ್ಸಾಹದಿಂದ ಕೌದಿ ಮಡಿಚಿ ಹಾಸಿದಳು. ಭಾನುವಾರದ ರೊಟ್ಟಿ, ಎಣ್ಣೆಗಾಯಿ ಹೊಟ್ಟೆಯಲ್ಲಿ ಇನ್ನೂ ಕೂತಿರಲಿಲ್ಲ. ಆದರೂ ಮಗಳ ಶಿರಸ್ಸಿಗಾಗಿ ನಿಜಲಿಂಗಪ್ಪನವರು ಅದರ ಮೇಲೆ ಬೋರಲಾದರು. ಮೂಗು ಕೌದಿಯೊಳಗೆ ಊರಿತು. ಹಾಡಿನ ಪಲ್ಲವಿಗೆ ನುಸಿಗುಳಿಗೆಯ ವಾಸನೆ ಬಂತು. ಚರಣಕ್ಕೆ ಅದೂ ಬರುವುದು ನಿಂತಿತು.

ಸರಿಯಾಗಿ ಅದೇ ಹೊತ್ತಿಗೆ ಕೆಳಮನೆಯ ಸಾವಿತ್ರಿಬಾಯಿ ಮೊಸರಿಗೆ ಹೆಪ್ಪು ಕೇಳಲು ಬಂದಳು. ನೆಲದ ಮೇಲೆ ಕೈಕಾಲು ಚೆಲ್ಲಿದ ಗಂಡಸು. ಅವನ ಎರಡು ಬದಿಗೆ ಸೊಂಟದ ಮೇಲೆ ಕೈಯಿಟ್ಟ ಇಬ್ಬರು ಹೆಂಗಸರು. "ಅಗಬಾಈ! ಸಾಹೇಬ ಗೇಲೇ!" ಎಂದವಳೇ ಬಟ್ಟಲು ಅಲ್ಲೇ ಬಿಟ್ಟು ಓಡಿದಳು. ಸಾಹೇಬರು ಹೋದರೆಂಬ ಸುದ್ದಿ ಅವಳಿಗಿಂತ ಮೊದಲೇ ಮೆಟ್ಟಿಲಿಳಿದಿತ್ತು. (ಆ ಓಣಿಗೆ ಇನ್ನೂ ಟಿ.ವಿ. ಬಂದಿರಲಿಲ್ಲ.)

ಇತ್ತ ನಿಜಲಿಂಗಪ್ಪನವರು ಬದನೆಕಾಯಿಯ ಬಣ್ಣದ ಮುಖ ಹೊತ್ತು ದಡಬಡಿಸಿ ಎದ್ದರು. "ಉಸ್ಸಪ್ಪಾ!"

"ಹಾಡು ಇನ್ನೂ ಅದ ರೀ," ಎಂದಳು ಭಾಮಾ.

ಗಟ್ಟಿ ಹಲಗೆಯ ತೊಟ್ಟಿಲಲ್ಲಿ ಕೂಸು ಅಂಗಾತ ಮಲಗಿ, ಸುಖವಾಗಿ ಉಸಿರಾಡುತ್ತಿತ್ತು. ಸೋತ ಗಂಡಸರೆಲ್ಲ ಮಾಡುವಂತೆ ನಿಜಲಿಂಗಪ್ಪನವರು ತಾಯಿಯ ಕಡೆ ತಿರುಗಿದರು. "ಎಲ್ಲಾ ನಿನ್ನಿಂದ ಅವ್ವಾ! ನನ್ನ ಅಂಗಾತ ಮಲಗಿಸಿ ಮಲಗಿಸಿ ತಲಿ ಹಿಂಗ ಮಾಡಿದಿ."

"ನಿನ್ನ? ಅಂಗಾತ?" ನಾಗವ್ವ ಬೆರಗಾದಳು. "ನಿಮ್ಮಪ್ಪನ ತಲಿ ನೋಡೇ ಹೆದರಿದ್ನೆಪಾ ನಾನು! ಎಡಮಗ್ಗಲ, ಬಲಮಗ್ಗಲ, ಸಾಸಿವಿ ದಿಂಬ, ದಿನಾ ಎಣ್ಣಿ ಹಚ್ಚಿ ತಿದ್ದೇ ತಿದ್ದಿದೆ. ನನ್ನ ರಟ್ಟಿ ಬಿದ್ದು ಹೋದ್ವು. ಅದು ನಿಮ್ಮ ಮನೆತನದ ತಲಿ. ಮಲಗಿಸಿದ್ರ ಬರೂದಲ್ಲ, ಎಬ್ಬಿಸಿದ್ರ ಹೋಗೂದಲ್ಲ. ಕೂಸಿಗೆ ಭಾಮಾನ ತಲಿ ಬಂದದ, ಪುಣ್ಯಾ. ಸುಮ್ನ ಬಿಡು."

ನಿಜಲಿಂಗಪ್ಪನವರು ನೆಟ್ಟಗೆ ಬಚ್ಚಲಿಗೆ ನಡೆದರು. ಬೆವರಿಗೆ ಸ್ನಾನ ಮಾಡಿದರು, ಹಣೆ ತುಂಬ ವಿಭೂತಿ ಹಚ್ಚಿಕೊಂಡರು, ತೊಟ್ಟಿಲ ಪಕ್ಕ ಗೋಡೆಗೆ ಒರಗಿ, ಚಕ್ಕಳಮಕ್ಕಳ ಹಾಕಿ, ಕಣ್ಣು ಮುಚ್ಚಿ ಕೂತರು. ಅತ್ತೆ ಸೊಸೆ ಅಡುಗೆಮನೆಗೆ ಹೋದರು.

ಕೆಳಗೆ ಓಣಿಯೇ ನೆರೆದಿತ್ತು. ಆದರೆ ಈ ಕಾನಡಿ, ಅಂದರೆ ಕನ್ನಡ, ಜನರ ಪದ್ಧತಿ ಏನೋ, ಮೊದಲು ಯಾರು ಹತ್ತಬೇಕು? ಕೊನೆಗೆ ಪಕ್ಕದ ಓಣಿಯಿಂದ ವಿಜಾಪುರ ಕಡೆಯ ಹಣಮಂತ್ರಾಯರನ್ನು ಕರೆತಂದು, ಕೈಗೊಂದು ಹಾರ ಕೊಟ್ಟು ಮೇಲೆ ಕಳಿಸಿದರು. ಲಿಂಗಾಯತರಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂಡಿಸುತ್ತಾರೆ ಎಂಬುದು ಹಣಮಂತ್ರಾಯರಿಗೆ ಊರಿನಿಂದಲೇ ಗೊತ್ತು. ಬಾಗಿಲಲ್ಲಿ ನಿಂತು ನೋಡಿದರು. ಸಂಶಯಕ್ಕೆ ಎಡೆಯೇ ಇರಲಿಲ್ಲ.

"ಎಷ್ಟ ಲಗೂ ಕೂಡಿಸಿಬಿಟ್ಟಾರಲ್ರೀ ನಿಮ್ಮನ್ನ!" ಎಂದು ಗದ್ಗದಿತರಾಗಿ ಹಾರ ಹಾಕಿದರು.

ನಿಜಲಿಂಗಪ್ಪನವರು ಕಣ್ಣು ತೆರೆದು, "ಯಾಕ್ರೀ ಹಣಮಂತ್ರಾಯರ?" ಎಂದರು.

ಹಣಮಂತ್ರಾಯರ ಚೀತ್ಕಾರ ಕತ್ರಜ್ ಘಟ್ಟಕ್ಕೂ ಕೇಳಿಸಿರಬೇಕು. ಕೆಳಗಿದ್ದವರು ಅದನ್ನೇ ಶೋಕವೆಂದು ತಿಳಿದು ದಬದಬ ಮೆಟ್ಟಿಲು ಹತ್ತತೊಡಗಿದರು. ಭಾಮಾ ಅಡುಗೆಮನೆಯಿಂದ ಓಡಿ ಬಂದಳು. ನೆಲದ ಮೇಲೆ ಕುಸಿದ ಹಣಮಂತ್ರಾಯರು, ಹಾರ ಹಾಕಿಕೊಂಡ ಗಂಡ. ಅವಳಿಗೆ ತಟ್ಟನೆ ಅರ್ಥವಾಯಿತು.

"ಅಯ್ಯ, ಹಂಗ ಕುಂದರಬ್ಯಾಡ್ರಿ! ಬಂದಬಂದವರೆಲ್ಲಾ ಹಾರಾ ಹಾಕ್ತಾರ. ಮೊದಲ ಮಲಗ್ರಿ!"

"ಹೆಂಗ?" ನಿಜಲಿಂಗಪ್ಪನವರು ದೀನರಾಗಿ ಕೇಳಿದರು.

"ಅಂಗಾತ!"

ನಿಜಲಿಂಗಪ್ಪನವರು ಕೊರಳಿನ ಹಾರ ತೆಗೆಯುವುದನ್ನೂ ಮರೆತು ನೆಟ್ಟಗೆ ಅಂಗಾತ ಮಲಗಿದರು. ಬಾಗಿಲಿಗೆ ಬಂದ ಸಾವಿತ್ರಿಬಾಯಿ ಮತ್ತು ಅವಳ ಹಿಂದಿನ ಹೆಂಗಸರು ನೋಡಿದರು. ಅವರ ಪದ್ಧತಿಯಲ್ಲಿ ತೀರಿಕೊಂಡವರನ್ನು ಮಲಗಿಸುವುದೇ ರೂಢಿ. ಎಲ್ಲರೂ ಒಟ್ಟಿಗೆ ಸೆರಗು ಬಾಯಿಗೆ ಒಯ್ದರು.

ಭಾಮಾ ತೊಟ್ಟಿಲಿಗೆ ಅಡ್ಡ ನಿಂತು, ತನಗೆ ಬಂದಷ್ಟು ಮರಾಠಿಯಲ್ಲಿ ಪಿಸುಗುಟ್ಟಿ ಗದರಿದಳು: "ಅಳೂದಿದ್ರ ಹೊರಗ ಹೋಗಿ ಅಳ್ರಿ. ಕೂಸು ಈಗ ಮಲಗ್ಯದ."