ಏಳು ಕಿಲೋಮೀಟರಿನ ಸಹಿ

ದಿನಾ ಸೈಕಲ್ ತುಳಿಯುವ ಮನುಷ್ಯ ನಗೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವನು ರಸ್ತೆಗೆ ಬಂದರೆ ಸಾಕು, ನಾಲ್ಕು ಮಂದಿ ನಗುವಂಥದ್ದು ಏನಾದರೂ ಆಗಿಯೇ ತೀರುತ್ತದೆ. ಆ ನಾಲ್ವರಲ್ಲಿ ತಾನೂ ಒಬ್ಬನಾಗುವುದನ್ನು ಕಲಿತರೆ ಮೈಕೈ ನೋವು ಅರ್ಧ ಕಡಿಮೆ. ಇಪ್ಪತ್ತು ವರ್ಷ ತುಳಿದು ನಾನು ಗಳಿಸಿದ ಜ್ಞಾನ ಇಷ್ಟೇ.

ನಮ್ಮೂರಿಂದ ಸವದತ್ತಿಗೆ ಏಳು ಕಿಲೋಮೀಟರ್. ಅಲ್ಲಿ ತಾಲೂಕು ಕಚೇರಿಯ ಕಂಪೌಂಡಿನೊಳಗೆ ಬೇವಿನ ಗಿಡದ ಕೆಳಗೆ ನನ್ನದೊಂದು ಮೇಜು, ಎದುರಿಗೊಂದು ಬೆಂಚು. ಬಂದವರಿಗೆ ಅರ್ಜಿ ಬರೆದು ಕೊಡುವುದು ನನ್ನ ಉದ್ಯೋಗ. ನಾನು ಕಲಿತದ್ದು ಊರ ಸಾಲಿಯಲ್ಲಿ, ಏಳನೆಯ ತರಗತಿಯ ತನಕ. ಅಕ್ಷರ ದುಂಡಗಿವೆ ಎಂಬುದೊಂದೇ ಬಂಡವಾಳ. ಅಷ್ಟಕ್ಕೇ ಜನ ನನ್ನನ್ನು ಮಾಸ್ತರ ಎನ್ನುತ್ತಾರೆ.

ಇದರ ಜೊತೆಗೆ ಇನ್ನೊಂದು ದೊಡ್ಡ ಜವಾಬ್ದಾರಿ ನನ್ನ ಮೇಲಿದೆ. ನಮ್ಮೂರ ಕಲ್ಮೇಶ್ವರ ದೇವರಿಗೆ ಒಂದು ಬೆಳ್ಳಿ ಮುಖವಿದೆ. ಶ್ರಾವಣದ ಕಡೆಯ ಸೋಮವಾರ ಅದನ್ನು ಲಿಂಗಕ್ಕೆ ಏರಿಸಿ ಪೂಜೆ ಮಾಡಿದ ಮೇಲೆಯೇ ಊರಲ್ಲಿ ಒಲೆ ಹೊತ್ತಬೇಕು. ಗುಡಿಯಲ್ಲಿಡಲು ಹೆದರಿ ನಾಲ್ಕು ವರ್ಷದ ಹಿಂದೆ ಊರವರು ಅದನ್ನು ಸವದತ್ತಿಯ ಒಂದು ಬ್ಯಾಂಕಿನ ಲಾಕರಿನಲ್ಲಿಟ್ಟರು. ದಿನಾ ಹೋಗಿಬರುವವನು ನಾನೇ ಎಂದು ಕೀಲಿ ನನ್ನ ಕೈಗೆ ಬಂತು, ಸಹಿಯೂ ನನ್ನದೇ ಆಯಿತು. ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡಿದ್ದೇನೆ, ಜಳಕಕ್ಕೂ ಬಿಚ್ಚುವುದಿಲ್ಲ. ಒಂದು ಶ್ರಾವಣ ಆ ಮುಖ ಬರಲಿಲ್ಲವೆಂದರೆ ನಾನು ಊರಲ್ಲಿ ತಲೆಯೆತ್ತಿ ತಿರುಗುವಂತಿಲ್ಲ. ಇದನ್ನು ಮೊದಲೇ ಹೇಳಿಡುತ್ತೇನೆ, ಮುಂದೆ ಬೇಕಾಗುತ್ತದೆ.

೧. ನಡುಗುವ ಅರ್ಜಿ

ರಸ್ತೆ ತುಂಬ ತೆಗ್ಗು, ಖಡಿಕಲ್ಲು, ಮತ್ತೆ ತೆಗ್ಗು. ಹೀಗೆ ಏಳು ಕಿಲೋಮೀಟರ್ ಹ್ಯಾಂಡಲ್ ಹಿಡಿದು ಬಂದ ಕೈ, ಸೈಕಲ್ ಬಿಟ್ಟ ಮೇಲೂ ಒಂದು ತಾಸು ಸೈಕಲ್ ಮೇಲೆಯೇ ಇರುತ್ತದೆ. ಪೆನ್ನು ಹಿಡಿದರೆ ಅಕ್ಷರಗಳೆಲ್ಲ ಚಳಿಜ್ವರ ಬಂದವರಂತೆ ನಡುಗುತ್ತವೆ. ಅದಕ್ಕೆ ಮೊದಲ ಒಂದು ತಾಸು ನಾನು ಏನೂ ಬರೆಯದೆ ಊದಿನಕಡ್ಡಿ ಹಚ್ಚಿ, ಚಹಾ ಕುಡಿದು, ಕೈ ತಣ್ಣಗಾಗಲಿ ಎಂದು ಕೂತಿರುತ್ತಿದ್ದೆ.

ಒಂದು ದಿನ ಹತ್ತು ಗಂಟೆಗೇ ಒಬ್ಬ ಮುದುಕಿ ಬಂದು ಎದುರಿಗೆ ಕೂತಳು. ವೃದ್ಧಾಪ್ಯದ ಪಗಾರಕ್ಕೆ ಅರ್ಜಿ.

"ತಮ್ಮಾ, ಲಗೂನ ಬರದ ಕೊಡು. ನಿನ್ನ ಕೈ ನಡಗೂದು ನಿಂತಗಿಂತೀತು."

"ಒಂದ ತಾಸ ತಡಿಬೇ, ಚಂದಾಗಿ ಬರದ ಕೊಡತೇನಿ."

"ಚಂದ ಬ್ಯಾಡಪ್ಪ. ಹೋದ ಸಲ ನೀ ಮಧ್ಯಾಹ್ನ ಬರದ ಕೊಟ್ಟಿದ್ದಿ, ಅರ್ಜಿ ವಾಪಸ ಬಂತು. ನಮ್ಮ ಓಣ್ಯಾಗಿನ ಮುದಕೀದು ಮುಂಜಾನಿ ಬರದಿದ್ದಿ. ಸಾಹೇಬ್ರು ಆ ನಡಗೂ ಅಕ್ಷರ ನೋಡಿ, ಮುದಕೀನ ಬರದಾಳ ಅಂತ ತಿಳದು, ಎದ್ದ ನಿಂತು, ಕುಂಡ್ರಬೇ ಅಂತ ತಮ್ಮ ಕುರ್ಚೀನ ಕೊಟ್ರಂತ."

ಬರೆದು ಕೊಟ್ಟೆ. ಆಕೆಯ ಪುಣ್ಯವೋ, ದೇವರ ದಯೆಯೋ, ಆ ಅರ್ಜಿ ಪಾಸಾಯಿತು. ಸುದ್ದಿ ಮುನವಳ್ಳಿಯ ತನಕ ಹೋಯಿತು. ಮರುವಾರದಿಂದ ನಾನು ಸೈಕಲ್ ಇಳಿಯುವುದರೊಳಗೆ ಬೆಂಚಿನ ತುಂಬ ಮುದುಕರು. ಒಡ್ಡು ಒತ್ತಿದ್ದಾರೆ, ಹೊಲದ ದಾರಿ ಕಟ್ಟಿದ್ದಾರೆ ಎಂದು ಯಾರಾದರೂ ಮುಂಜಾನೆ ಬಂದರೆ ನಾನು ಬಾಯಿ ತೆರೆಯುವುದೇ ಬೇಡ, ಬೆಂಚಿನವರೇ ಹೇಳುತ್ತಿದ್ದರು:

"ಜಗಳದ ಅರ್ಜಿ ಊಟ ಆದ ಮ್ಯಾಲ ಬರ್ರಿ. ಈಗ ನಡಗೂ ಅರ್ಜಿ ಅಷ್ಟ."

೨. ನೂರೆಂಟು

ಬೆಳಗಿನ ಪೂಜೆ ಮನೆಯಲ್ಲಿ ಮುಗಿಸಿಯೇ ಹೊರಡುವವನು ನಾನು. ಆದರೆ ಜಪಕ್ಕೆ ಹೊತ್ತು ಸಾಲುತ್ತಿರಲಿಲ್ಲ. ಅದಕ್ಕೊಂದು ದಾರಿ ಮಾಡಿಕೊಂಡೆ. ಒಂದು ತೆಗ್ಗಿಗೆ ಒಂದು 'ಓಂ ನಮಃ ಶಿವಾಯ'. ಎಣಿಸಿ ನೋಡಿದರೆ ಊರ ಅಗಸಿ ಬಾಗಿಲಿನಿಂದ ಕಚೇರಿಯ ಗೇಟಿನವರೆಗೆ ಸರಿಯಾಗಿ ನೂರೆಂಟು ತೆಗ್ಗು. ನನಗೆ ಮೈ ಜುಮ್ಮೆಂದಿತು. ಜಪಮಣಿಯನ್ನು ದೇವರೇ ರಸ್ತೆಯಲ್ಲಿ ಪೋಣಿಸಿಟ್ಟಂತೆ.

ಒಂದು ದೀಪಾವಳಿಯ ಹೊತ್ತಿಗೆ ಗುತ್ತಿಗೆದಾರನ ಆಳುಗಳು ಬಂದು ಹನ್ನೊಂದು ತೆಗ್ಗಿಗೆ ಮಣ್ಣು ಸುರಿದು ಹೋದರು. ಉಳಿದವಕ್ಕೆ ಮಣ್ಣು ಸಾಲಲಿಲ್ಲವಂತೆ. ನನ್ನ ಜಪಕ್ಕೆ ಹನ್ನೊಂದು ಕೊರತೆ ಬಿತ್ತು. ಸಂಜೆ ಗುಡಿಗೆ ಹೋಗಿ, ಕಲ್ಮೇಶ್ವರನ ಪೂಜೆ ಮಾಡುವ ನಮ್ಮ ಅಯ್ಯನವರ ಮುಂದೆ ಕೂತೆ.

"ಅಯ್ಯಾರ, ಹನ್ನೊಂದ ಕಮ್ಮಿ ಬಿದ್ದಾವ್ರಿ. ಯಾವ ತೆಗ್ಗಿಗೆ ಎರಡೆರಡ ಸಲ ಹೇಳಲಿ?"

ಅಯ್ಯನವರು ವಿಭೂತಿ ಗಟ್ಟಿ ಕೆಳಗಿಟ್ಟು ಬೆರಳ ಮೇಲೆ ಲೆಕ್ಕ ಹಾಕಿದರು.

"ಯಾವುದಕ್ಕೂ ಎರಡ ಸಲ ಬ್ಯಾಡ. ಉಳದ ಹನ್ನೊಂದನ್ನ ಆ ಗುತ್ತಿಗೆದಾರನ ಹೆಸರಿಲೆ ಮಾಡ್ರಿ. ನಮಗಿಂತ ಅವಗ ಬೇಕಾಗ್ಯಾವು."

೩. ಹೊರೆ

ಊರ ಕಡೆಯ ಎರಡು ಕಿಲೋಮೀಟರ್ ಎರಿ ಭೂಮಿ. ಮಳೆ ಬಿದ್ದರೆ ಕರಿಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಂಡು ಸೈಕಲ್ ನಿಂತಲ್ಲೇ ಬಸವಣ್ಣನಾಗುತ್ತದೆ. ವರ್ಷಕ್ಕೆ ಎಂಟು ತಿಂಗಳು ನಾನು ಸೈಕಲ್ಲಿನ ಮೇಲೆ, ನಾಲ್ಕು ತಿಂಗಳು ಸೈಕಲ್ಲು ನನ್ನ ಮೇಲೆ.

ಹಾಗೆ ಒಂದು ದಿನ ಹೆಗಲ ಮೇಲೆ ಹೊತ್ತು ನಡೆದಿದ್ದೆ. ನಮ್ಮೂರ ಗೌಡರು ತಮ್ಮ ಹೊಲದ ಬದುವಿನ ಮೇಲೆ ನಿಂತಿದ್ದರು.

"ಎಲ್ಲಿಗೆ ಹೊಂಟ್ರಿ ಮಾಸ್ತರ?"

"ಸವದತ್ತಿಗ್ರಿ ಗೌಡ್ರ, ಕೆಲಸಕ್ಕ."

"ಅದನ್ಯಾಕ ಹೊತಗೊಂಡೀರಿ? ಮನ್ಯಾಗ ಬಿಟ್ಟ ಬಂದಿದ್ರ ಜಲ್ದಿ ಮುಟ್ಟತಿದ್ರೆಲ್ಲ."

ಮಾತು ಖರೆ ಇತ್ತು. ಆದರೂ ಗೌಡರ ಮುಂದೆ ಸೋಲಬಾರದೆಂದು, "ತಿರುಗಿ ಬರೂಮುಂದ ಬೇಕಾಗತೈತ್ರಿ" ಅಂದೆ.

"ಬರೂಮುಂದ ಹತ್ತಿ ಬರ್ತೀರೇನು?"

"ಇಲ್ರಿ. ಆವಾಗ್ಲೂ ಹೊತಗೊಂಡ ಬರತೇನಿ."

೪. ಛಲೋ ರಸ್ತೆ

ಕಡೆಗೆ ಗೌಡರು ಮನಸ್ಸು ಮಾಡಿ ರಸ್ತೆಗಾಗಿ ಅರ್ಜಿ ಕೊಟ್ಟರು. ಬರೆದವನು ನಾನೇ, ಅದೂ ಮುಂಜಾನೆಯ ಕೈಯಲ್ಲಿ. ಮುದುಕಿಯ ಮಾತು ಸುಳ್ಳಾಗಲಿಲ್ಲ. ಈ ವರ್ಷ ಬೇಸಿಗೆ ಮುಗಿಯುವುದರೊಳಗೆ ಅಗಸಿಯಿಂದ ಸವದತ್ತಿಯ ತನಕ ಡಾಂಬರು ಬಿತ್ತು. ರೊಟ್ಟಿ ಬಡಿದಂತೆ ಸಾಪಾದ ರಸ್ತೆ.

ಮೊದಲ ದಿನ ರೂಢಿಯ ಬಲದಲ್ಲೇ ತುಳಿದೆ. ಸೈಕಲ್ಲು ಕಚೇರಿ ದಾಟಿ ಬಸ್‌ಸ್ಟ್ಯಾಂಡಿಗೆ ಹೋಗಿ ನಿಂತಿತು. ಎರಡನೆಯ ದಿನ ಮುದುಕರೆಲ್ಲ ನನ್ನ ದುಂಡು ಅಕ್ಷರ ನೋಡಿ, "ಏನಾತೋ ತಮ್ಮಾ, ಆರಾಮ ಇಲ್ಲೇನು?" ಎಂದು ಕೇಳಿದರು. ಮೂರನೆಯ ದಿನ, ಎಣಿಸಲು ತೆಗ್ಗೇ ಇಲ್ಲವಲ್ಲ, ಬೆರಳ ಮೇಲೆ ಜಪ ಎಣಿಸುತ್ತ ಹೊರಟೆ. ತಂಪು ಗಾಳಿ. ಕಣ್ಣು ತಾವಾಗಿಯೇ ಮುಚ್ಚಿದವು. ತೆರೆದಾಗ ನಾನು ಜಾಲಿ ಕಂಟಿಯೊಳಗಿದ್ದೆ.

ಊರ ದವಾಖಾನೆಯ ಕಂಪೌಂಡರರು ಮೊಣಕಾಲಿಗೆ ಪಟ್ಟಿ ಕಟ್ಟುತ್ತ ಕೇಳಿದರು.

"ಯಾವ ತೆಗ್ಗಿನ್ಯಾಗ ಬಿದ್ರಿ?"

"ತೆಗ್ಗ ಇರಲಿಲ್ರಿ."

"ಖಡಿ ಮ್ಯಾಲ ಜಾರಿದ್ರೇನು?"

"ಖಡೀನೂ ಇರಲಿಲ್ರಿ."

"ಮತ್ತ ಹೆಂಗ ಬಿದ್ರಿ?"

"ಏನೂ ಇರಲಿಲ್ರಿ, ಅದಕ್ಕ ಬಿದ್ದೆ."

ಮನೆಗೆ ಬಂದರೆ ಹೆಂಡತಿ ಅರಿಷಿಣ ಕಲಸುತ್ತ ಒಂದೇ ಮಾತು ಹೇಳಿದಳು: "ಇಪ್ಪತ್ತ ವರ್ಷ ಕೆಟ್ಟ ರಸ್ತೇದಾಗ ಬೀಳದವರು ಛಲೋ ರಸ್ತೇದಾಗ ಬಿದ್ರೆಲ್ರಿ. ನಾಳಿಂದ ಹೊಲದಾಗ ಹಾದು ಹೋಗ್ರಿ."

೫. ದೇವರ ಮುಖ

ಈ ಸಲ ಶ್ರಾವಣದ ಕಡೆಯ ಸೋಮವಾರಕ್ಕೆ ಮುಂಚಿನ ಶನಿವಾರ. ನಾನು ಸೈಕಲ್ ಮೇಲೆ ಮುಂದೆ, ಗೌಡರ ಮೋಟಾರ್ ಸೈಕಲ್ಲಿನ ಮೇಲೆ ಗೌಡರು, ಅಯ್ಯನವರು ಹಿಂದೆ. ದೇವರ ಮುಖವನ್ನು ಕೆಂಪು ವಸ್ತ್ರದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ತರಲು ಅಯ್ಯನವರೇ ಬೇಕು. ಬ್ಯಾಂಕಿನಲ್ಲಿ ರಿಜಿಸ್ಟರ್ ಮೇಲೆ ಸಹಿ ಮಾಡಿದೆ. ಮ್ಯಾನೇಜರ್ ಮೇಡಂ ಹೊಸದಾಗಿ ಬಂದವರು, ಮೈಸೂರು ಕಡೆಯವರು. ನಮ್ಮ ಹಳೆಯ ಕಾರ್ಡು ತೆಗೆದು ಆ ಕಡೆ ಈ ಕಡೆ ನೋಡಿದರು.

"ಸಹಿ ಹೊಂದ್ತಾ ಇಲ್ವಲ್ಲ ಸರ್."

"ಮೂರ ವರ್ಷ ಕೂಡಿದ್ದು ಈ ವರ್ಷ ಯಾಕ ಕೂಡವಲ್ದರಿ?"

"ನೀವೇ ನೋಡಿ."

ನೋಡಿದೆ. ಕಾರ್ಡಿನ ಮೇಲೆ ನನ್ನ ಹೆಸರು ಎಡವುತ್ತ ಮುಗ್ಗರಿಸುತ್ತ ಹೋಗಿ, ಕಡೆಯ ಗೆರೆ ಬೆದರಿದ ಎತ್ತು ಸಾಲು ಬಿಟ್ಟು ಬದುವಿಗೆ ಹಾರಿದಂತೆ ಹಾರಿತ್ತು. ರಿಜಿಸ್ಟರಿನಲ್ಲಿ ಈಗ ಮಾಡಿದ್ದು ಮುತ್ತು ಪೋಣಿಸಿದಂತಿತ್ತು. ಥಟ್ಟನೆ ತಿಳಿಯಿತು. ನಾಲ್ಕು ವರ್ಷದ ಹಿಂದೆ ನಾನು ಸೈಕಲ್ ಇಳಿದವನೇ ಬಂದು ಸಹಿ ಕೊಟ್ಟಿದ್ದೆ. ಆಮೇಲೆ ಮೂರು ಶ್ರಾವಣವೂ ಇಳಿದವನೇ ಬಂದಿದ್ದೆ. ಅದು ನನ್ನ ಮುಂಜಾನೆಯ ಸಹಿ.

ಬೇಕೆಂದೇ ಕೈ ನಡುಗಿಸಿ ಇನ್ನೊಂದು ಮಾಡಿದೆ. ಮೇಡಂ ತಲೆ ಅಲ್ಲಾಡಿಸಿದರು.

"ಇದು ಬೇರೆ ನಡುಕ ಸರ್. ಅದು ಬೇರೆ."

"ಹೊಸಾ ಸಹಿ ತಗೊಂಬಿಡ್ರಿ ಮೇಡಂ" ಅಂದರು ಗೌಡರು.

"ಕೊಡಿ. ಆದ್ರೆ ಅದಕ್ಕೊಂದು ಅರ್ಜಿ ಬೇಕು. ಅರ್ಜಿ ಮೇಲೆ ಹಳೇ ಸಹಿ ಇರ್ಬೇಕು. ಲಾಕರ್ ಎರಡು ಗಂಟೆವರೆಗೆ ಮಾತ್ರ."

ಮರುದಿನ ಆಯಿತವಾರ, ಬ್ಯಾಂಕು ಬಂದ್. ಅದರ ಮರುದಿನ ಪೂಜೆ. ಮೂವರೂ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆವು. ಇದ್ದದ್ದನ್ನು ಇದ್ದಂತೆ ಹೇಳಿದೆ.

ಅಯ್ಯನವರು ಸಾವಕಾಶ ಅಂದರು: "ಅಂದ್ರ ನಿಮ್ಮ ಕೈ ಕೆಟ್ಟಿಲ್ಲ. ರಸ್ತೆ ಸುಧಾರಿಸೇತಿ."

"ಆ ರಸ್ತೆ ಅರ್ಜಿ ಬರೀಬ್ಯಾಡ್ರಿ ಅಂತ ನಿಮಗ ಯಾರರ ಹೇಳಬೇಕಿತ್ತು" ಅಂದರು ಗೌಡರು, ಅರ್ಜಿ ಬರೆಸಿದವರು ತಾವೇ ಎಂಬುದನ್ನು ಮರೆತು. ಆಮೇಲೆ ಎದ್ದು ಧೋತರ ಝಾಡಿಸಿಕೊಂಡರು. "ಇಲ್ಲೇ ಎಲ್ಲೆರ ಕೆಟ್ಟ ರಸ್ತೆ ಹುಡುಕೋಣ ನಡೀರಿ."

ಎದುರಿನ ಓಣಿಯಲ್ಲಿ ನಿಂತವನೊಬ್ಬನನ್ನು ಕೇಳಿದರು: "ಈ ಕಡೆ ಭಾಳ ಕೆಟ್ಟ ರಸ್ತೆ ಎಲ್ಲೈತಪಾ?"

ಆತ ಗೌಡರ ಬಿಳಿ ಧೋತರ, ಅಯ್ಯನವರ ಗಾಂಭೀರ್ಯ, ನನ್ನ ಕೈಯ ಪೆನ್ನು ನೋಡಿ ನಮ್ಮನ್ನು ತನಿಖೆಗೆ ಬಂದವರೆಂದು ತಿಳಿದ. "ನಮ್ಮ ಓಣೀನ ನೋಡ್ರಿ ಸಾಹೇಬ್ರ" ಎಂದು ನನ್ನ ಕೈ ಹಿಡಿದ. ಅಷ್ಟರಲ್ಲಿ ಪಕ್ಕದ ಓಣಿಯವನು ಇನ್ನೊಂದು ಕೈ ಹಿಡಿದ: "ಅವರದೇನ ಕೆಟ್ಟೈತ್ರಿ? ನಮ್ಮದರಾಗ ಹೋದ ವಾರ ಟ್ರ್ಯಾಕ್ಟರ್ ಸಿಕ್ಕೊಂಡಿತ್ತು." "ನಮ್ಮದರಾಗ ಲಾರಿ!" ನಡುವೆ ನಾನು ಹಗ್ಗದಂತೆ ಜಗ್ಗಾಡುತ್ತಿದ್ದೆ. ಅಯ್ಯನವರು ಇಬ್ಬರನ್ನೂ ಬಿಡಿಸಿ, ಟ್ರ್ಯಾಕ್ಟರಿನ ಓಣಿಯನ್ನು ಆರಿಸಿದರು. ಅದು ಬ್ಯಾಂಕಿನ ಹಿಂದೆಯೇ ಇತ್ತು. ಪೈಪು ಹಾಕಲು ಅಗೆದು, ಮೇಲೆ ಕಲ್ಲು ಸುರಿದು ಬಿಟ್ಟಿದ್ದರು. ನಮ್ಮ ಹಳೆಯ ರಸ್ತೆಯ ಖಾಸ ತಮ್ಮನಂತಿತ್ತು.

ಹತ್ತಿ ತುಳಿದೆ. ಆದರೆ ಇಪ್ಪತ್ತು ವರ್ಷದ ರೂಢಿ. ಸೈಕಲ್ಲು ತಾನೇ ತೆಗ್ಗು ತಪ್ಪಿಸಿ ಹೋಗತೊಡಗಿತು. ಗೌಡರು ಹಿಂದೆ ಓಡುತ್ತಿದ್ದರು.

"ತಪ್ಪಸಬ್ಯಾಡ್ರಿ ಮಾಸ್ತರ! ತೆಗ್ಗಿನ್ಯಾಗ ಬಿಡ್ರಿ, ತೆಗ್ಗಿನ್ಯಾಗ!"

ಅಯ್ಯನವರು ಓಣಿಯ ತುದಿಯಲ್ಲಿ ನಿಂತು ನನ್ನ ಪರವಾಗಿ ಜಪ ಎಣಿಸಿದರು. ಅವರ ಎಣಿಕೆ ನೂರೆಂಟಕ್ಕೆ ಮುಟ್ಟುವಷ್ಟರಲ್ಲಿ ನನ್ನ ಹಲ್ಲುಗಳೂ ಜಪ ಮಾಡುತ್ತಿದ್ದವು. ಸೈಕಲ್ ಗೌಡರ ಕೈಗೆ ಒಗೆದು, ನಡುಗುವ ಕೈಯನ್ನು ತುಂಬಿದ ಬಟ್ಟಲಿನಂತೆ ಮುಂದೆ ಹಿಡಿದು ಬ್ಯಾಂಕಿನ ಬಾಗಿಲಿಗೆ ಬಂದೆ. ಬಾಗಿಲಲ್ಲೇ ಆ ಮುದುಕಿ. ಪಗಾರ ತೆಗೆಯಲು ಬಂದಿದ್ದಳು.

"ಯಪ್ಪಾ, ನೀ ಬರದ ಕೊಟ್ಟದ್ದು ಬಂತೋ" ಎಂದು ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಬಿಡಲೇ ಇಲ್ಲ. "ಎಷ್ಟ ನಡಗಾಕತ್ತಾವಲ್ಲೋ" ಎಂದು ಸವರಿದಳು, ತಿಕ್ಕಿದಳು, ಬೆಚ್ಚಗೆ ಮಾಡಿದಳು. ಬಿಟ್ಟಾಗ ನನ್ನ ಕೈ ಗುಡಿಯ ಕಂಬದಂತೆ ಗಟ್ಟಿಯಾಗಿ ನಿಂತಿದ್ದವು.

ಗಂಟೆ ಒಂದೂಮುಕ್ಕಾಲು. ಗೌಡರು ಸೈಕಲ್ಲನ್ನು ತಿರುಗಿ ಓಣಿಯ ಕಡೆ ಮುಖ ಮಾಡಿ ನಿಲ್ಲಿಸಿದರು.

ಎರಡನೆಯ ಸಲ ಇಡೀ ಓಣಿಯೇ ಹೊರಗೆ ಬಂದಿತ್ತು. ಬರುವಾಗ ಗೌಡರು ಮುಂದೆ, "ಸರೀರಿ, ಸರೀರಿ, ಯಾರೂ ಮುಟ್ಟಬ್ಯಾಡ್ರಿ" ಎನ್ನುತ್ತ. ಅಯ್ಯನವರು ಹಿಂದೆ. ನಡುವೆ ನಾನು, ಮಡಿಯಲ್ಲಿ ಬಂದವನಂತೆ. ಪೆನ್ನು ಊರಿದೆ. ಅಕ್ಷರಗಳು ಎಡವಿದವು, ಮುಗ್ಗರಿಸಿದವು, ಕಡೆಯ ಗೆರೆ ಬದುವಿಗೆ ಹಾರಿತು.

ಮೇಡಂ ಎರಡನ್ನೂ ಹೋಲಿಸಿ ನಕ್ಕರು. "ಹಾಂ, ನೋಡಿ. ಇಷ್ಟು ಚೆನ್ನಾಗಿ ಬರುತ್ತೆ, ಬೆಳಗ್ಗೆ ಯಾಕೆ ಕೆಡಿಸ್ಕೊಂಡ್ರಿ? ಈಗ ಬೇಕಿದ್ರೆ ಹೊಸ ಸಹಿ ಕೊಟ್ಟುಬಿಡಿ."

"ಬ್ಯಾಡ್ರಿ ಮೇಡಂ" ಅಂದರು ಗೌಡರು, ಬೆವರು ಒರೆಸಿಕೊಳ್ಳುತ್ತ. "ಇದ ಇರಲಿ. ಇದನ್ನ ಯಾವ ಕಳ್ಳನೂ ನಕಲ ಮಾಡಾಕ ಬರೂದಿಲ್ಲ. ಮಾಡಬೇಕಂದ್ರ ಅವ ಮೊದಲ ಸೈಕಲ್ ಹೊಡೀಬೇಕು."

ಸೋಮವಾರ ಕಲ್ಮೇಶ್ವರ ಬೆಳ್ಳಿ ಮುಖ ಏರಿಸಿಕೊಂಡು ನಗುತ್ತಿದ್ದ. ಆ ಮುಖ ನಗುವಂತೆಯೇ ಇದೆ, ಆದರೆ ಆ ದಿನ ನನ್ನನ್ನೇ ನೋಡಿ ನಕ್ಕಂತಿತ್ತು.

ಇಷ್ಟಕ್ಕೇ ಮುಗಿಯಬೇಕಿತ್ತು. ಮುಂದೆ ಎರಡು ತಿಂಗಳಿಗೆ ಆ ಓಣಿಗೆ ಖಡಿ, ರೋಲರ್ ಎಲ್ಲ ಬಂದವು. ಸುದ್ದಿ ಕೇಳಿ ಗೌಡರು, ಅಯ್ಯನವರು ಮೋಟಾರ್ ಸೈಕಲ್ ಹತ್ತಿ ಓಡಿ ಬಂದರು. ಕೆಲಸ ಮಾಡಿಸುತ್ತಿದ್ದವನ ಮುಂದೆ ಅಯ್ಯನವರು ಕೈ ಎತ್ತಿದರು.

"ತಮ್ಮಾ, ಎಲ್ಲಾ ಮಾಡ. ಈ ಹತ್ತ ಮಾರು ಅಷ್ಟ ಬಿಡು."

"ಯಾಕ್ರಿ ಅಯ್ಯಾರ?"

"ಇದು ದೇವರಿಗೆ ಬಿಟ್ಟದ್ದು."

ಆತ ಚಪ್ಪಲಿ ಕಳೆದು ನಮಸ್ಕಾರ ಮಾಡಿ, ಆ ಹತ್ತು ಮಾರು ಬಿಟ್ಟು ಎರಡೂ ಕಡೆ ಡಾಂಬರು ಹಾಕಿ ಹೋದ. ಮೊನ್ನೆ ಸೋಮವಾರ ಆ ಕಡೆ ಹೋಗಿದ್ದೆ. ಯಾರೋ ಅಲ್ಲಿನ ದೊಡ್ಡ ತೆಗ್ಗಿನ ಅಂಚಿನ ಕಲ್ಲಿಗೆ ವಿಭೂತಿ ಬಳಿದು, ಎರಡು ದಾಸಾಳ ಹೂವಿಟ್ಟು, ಕಾಯಿ ಒಡೆದಿದ್ದರು. ಟ್ರ್ಯಾಕ್ಟರಿನವರೂ ನಿಧಾನಮಾಡಿ ಕೈ ಮುಗಿದು ದಾಟುತ್ತಿದ್ದರು.

ನಾನೂ ತೆಗ್ಗು ದಾಟಿ, ಸೈಕಲ್ ಇಳಿದು, ಭಕ್ತಿಯಿಂದ ಕೈ ಮುಗಿದೆ. ಪಕ್ಕದಲ್ಲಿ ನಿಂತಿದ್ದ ಹೆಣ್ಣುಮಗಳು ನನ್ನ ನಡುಗುವ ಕೈ ನೋಡಿ ಮಗ್ಗುಲಿನವಳಿಗೆ ಪಿಸುಗುಟ್ಟಿದಳು:

"ನೋಡವಾ, ದೇವ್ರು ಮೈಯಾಗ ಬರಾಕತ್ತಾನ."