ಚಿಗರಿ ಕಾಕಾನ ಎಲೆ-ಅಡಿಕೆ

ನಮ್ಮ ಕಾಕಾನಿಗೆ ಹೆಂಡತಿಗಿಂತ ಚಿಗರಿಗಳ ಚಿಂತೆ ಹೆಚ್ಚು ಎಂದು ನಾನು ಹೇಳಿದರೆ ನೀವು ಚಾಡಿ ಅಂದೀರಿ. ಆದರೆ ಹಾಗೆ ಹೇಳಿದವಳು ಸ್ವತಃ ನಮ್ಮ ಕಾಕು! "ಮನಿಯಾಗ ಜ್ವಾಳ ತೀರಿ ಎರಡು ದಿನ ಆತು. ಇವರಿಗೆ ತಡಸದಾಗ ಚಿಗರಿ ಮರಿ ಹಾಕಿದ್ದಷ್ಟ ಗೊತ್ತೈತಿ" ಎನ್ನುತ್ತಿದ್ದಳು.

ಚಿಗರಿ ಎಂದರೆ ತಿರುಚಿದ ಕೊಂಬಿನ ಕೃಷ್ಣಮೃಗ. ಅರವತ್ತರ ದಶಕದ ಮೊದಲಿಗೆ ನಮ್ಮ ಹಾನಗಲ್, ಶಿಗ್ಗಾಂವಿ ಕಡೆ ಬಂದೂಕಿನವರ ದೆಸೆಯಿಂದ ಅವು ಕರಗುತ್ತ ಬಂದು, ತಡಸದ ಬಯಲಿನಲ್ಲಿ ಒಂದೇ ಒಂದು ಹಿಂಡು ಉಳಿದಿತ್ತು. ಅದನ್ನು ಉಳಿಸಲು ಕಾಕಾ ಒಂದು ಸಂಘ ಕಟ್ಟಿದ. ಅಧ್ಯಕ್ಷ ಅವನೇ. ಸಾಲೆ ಮಾಸ್ತರನಾಗಿದ್ದ ನನ್ನನ್ನು ಕೇಳದೆಯೇ ಕಾರ್ಯದರ್ಶಿ ಮಾಡಿದ. ಸದಸ್ಯರು? ಕಾಕು ಒಬ್ಬಳೇ, ಅದೂ ಚಹಾ ಮಾಡಲಿಕ್ಕೆ!

ಇನ್ನು ಸಭೆ. ಕಾಕಾ ಕೂತರೆ ತಾನೆ ಸಭೆ? ಅಂಗಳದಲ್ಲಿ ಅತ್ತಿಂದಿತ್ತ ತಿರುಗುತ್ತ ಅವನು ಠರಾವು ಹೇಳುತ್ತಿದ್ದ. ನಾನು ನೋಟುಬುಕ್ಕು ಹಿಡಿದು ಹಿಂದೆ ಹಿಂದೆ ಓಡುತ್ತ ಬರೆಯುತ್ತಿದ್ದೆ. ರವಿವಾರ ಬಂತೆಂದರೆ ನನ್ನನ್ನು ಎಳೆದುಕೊಂಡು ಊರೂರು ಸುತ್ತಾಟ. ಒಮ್ಮೆ ಒಬ್ಬ ರೈತ, "ನಿಮ್ಮ ಚಿಗರಿ ನಮ್ಮ ಕಡ್ಲಿ ತಿಂತಾವ್ರಿ" ಎಂದ.

"ಬೀಗರು ಬಂದ್ರ ಅದಕ್ಕಿಂತ ಹೆಚ್ಚು ತಿಂತಾರ. ಅವರಿಗೆ ಗುಂಡು ಹೊಡಿತೀಯೇನು?" ಎಂದ ಕಾಕಾ.

ರೈತ ತಲೆ ಕೆರೆದುಕೊಂಡು, "ವಿಚಾರ ಮಾಡಬೇಕ್ರಿ" ಎಂದ.

ಅಷ್ಟರಲ್ಲಿ ಸುದ್ದಿ ಬಂತು: ಸವಣೂರಿನ ಎಲೆ ವ್ಯಾಪಾರಿ ಸಾಹೇಬರು ಬರುವ ರವಿವಾರ ಮಗಳನ್ನು ಕೊಟ್ಟ ಹೊಸ ಬೀಗರನ್ನು ಜೀಪಿನಲ್ಲಿ ತಡಸಕ್ಕೆ ಬೇಟೆಗೆ ಕರೆತರುತ್ತಾರಂತೆ. ಸಾಹೇಬರ ಗುರಿ ತಪ್ಪಿದ್ದೇ ಇಲ್ಲ. ಕಾಕಾನಿಗೆ ಊಟ ಸೇರಲಿಲ್ಲ. ಮರುದಿನವೇ ಸವಣೂರಿನ ಬಸ್ಸು ಹತ್ತಿದೆವು.

ಎಲೆ-ಅಡಿಕೆ ಹಿಡಿದರೆ ಮಾತು ಕೊಟ್ಟಂತೆ ಎಂಬುದು ನಮ್ಮ ಕಡೆಯ ರಿವಾಜು. ಸಾಹೇಬರ ಮನೆ ಮುಟ್ಟಿದ ಕೂಡಲೇ ಕಾಕಾ, ಬಂದ ಕಾರಣ ಹೇಳದೆ, ಅವರ ಮುಂದೆ ಎಲೆ-ಅಡಿಕೆಯ ತಾಟು ಹಿಡಿದ. ದಿನವಿಡೀ ಎಲೆ ಜಗಿಯುವ ಮನುಷ್ಯ. ಕೈ ತಾನಾಗಿ ಚಾಚಿತು, ಎಲೆ ಬಾಯಿಗೆ ಹೋಯಿತು.

"ಆತಲ್ಲ, ತಡಸದ ಚಿಗರಿಗೆ ಗುಂಡು ಹಾಕೂದಿಲ್ಲಂತ ಮಾತು ಕೊಟ್ರಿ" ಎಂದ ಕಾಕಾ.

"ಅರೆ, ನಾ ಯಾವಾಗ ಕೊಟ್ಟೇನ್ರಿ?"

"ಬಾಯಾಗ ಏನೈತ್ರಿ?"

ಸಾಹೇಬರು ಜಗಿಯುವುದನ್ನೇ ನಿಲ್ಲಿಸಿದರು. ಉಗುಳುವಂತಿಲ್ಲ, ನುಂಗುವಂತಿಲ್ಲ! "ಇದು ದಗಾ ಆತ್ರಿ. ಬೀಗರ ಮುಂದ ನನ್ನ ಮರ್ಯಾದಿ ಏನಾಗಬೇಕು? ನಿಮಗ ಹುಚ್ಚು ಹಿಡದೈತಿ" ಎಂದು ಸಿಟ್ಟಿನಿಂದ ಒಳಗೆ ಹೋದರು.

ರವಿವಾರ ಬೆಳಗಿನಿಂದ ಕಾಕಾ ತಡಸದ ಬಯಲಿನಲ್ಲಿ ತಿರುಗಿದ್ದೇ ತಿರುಗಿದ್ದು. "ಬರ್ತಾರೋ ಇಲ್ಲೋ? ಸಪ್ಪಳ ಕೇಳಸ್ತೇನು?" ಎಂದು ನನ್ನ ಜೀವ ತಿಂದ. ಮಧ್ಯಾಹ್ನ ಜೀಪು ಬಂದೇ ಬಂತು. ಕಾಕಾ ಎರಡೂ ಕೈ ಚಾಚಿ ಅಡ್ಡ ನಿಂತ. ಅವನ ಹಿಂದೆ, ದೂರದಲ್ಲಿ, ಹಿಂಡು ಮೇಯುತ್ತಿತ್ತು.

"ಯಾರ್ರೀ ಈ ಹುಚ್ಚ?" ಬೀಗರು ಕೇಳಿದರು.

ಸಾಹೇಬರು ಕೆಳಗಿಳಿದರು. ಕೈಯಲ್ಲಿ ಬಂದೂಕಿರಲಿಲ್ಲ. "ಹುಚ್ಚ ಅನಬ್ಯಾಡ್ರಿ. ಇವರ ಕೈಯಾಗಿನ ಎಲಿ ತಿಂದೇನಿ ನಾನು. ಚಿಗರಿ ನೋಡಾಕ ಕರಕೊಂಡು ಬಂದೇನಿ, ಹೊಡ್ಯಾಕ ಅಲ್ಲ. ಇಳೀರಿ."

ಬೀಗರು ಮುಖ ಸಿಂಡರಿಸಿಕೊಂಡು ಜೀಪಿನಲ್ಲೇ ಕೂತರು. ನನಗೆ ನಾಚಿಕೆಯಾಯಿತು, ಅಷ್ಟು ದಿನ ನಾನೂ ಕಾಕಾನನ್ನು ಹುಚ್ಚನೆಂದೇ ತಿಳಿದಿದ್ದೆ. ಕಾಕಾ ಸಾಹೇಬರ ಕೈ ಹಿಡಿದು ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತ.

ಸಾಹೇಬರು ತಮ್ಮ ಹೆಗಲ ಮೇಲಿನ ವಸ್ತ್ರದಿಂದ ಅವನ ಮುಖ ಒರೆಸಿ, "ಮೆಲ್ಲಕ ಅಳ್ರಿ, ಚಿಗರಿ ಬೆದರತಾವು" ಎಂದರು.