ಮೂರು ಊರುಗಳಲ್ಲಿ ಸುಧಾರಣೆ ಉಳಿಸಿದ ಕಥೆ

ಸುಧಾರಣೆ ತರುವುದು ಸುಲಭ, ತಂದದ್ದನ್ನು ಉಳಿಸಲು ಹೊರಟವರಿಗೇ ಇಲ್ಲದ ಫಜೀತಿಗಳೆಲ್ಲ ಗಂಟುಬೀಳುತ್ತವೆ. ನಮ್ಮದು ಅಂಗಡಿ, ಬೇಳೆ ಗಿರಣಿ, ಶಾಲೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಕಂಪನಿ. ಮುಖ್ಯ ಕಚೇರಿ ಪುಣೆಯಲ್ಲಿ, ಶಾಖೆಗಳು ಹತ್ತಾರು ಊರುಗಳಲ್ಲಿ. ಆಳಂದ, ಅಫಜಲಪುರ, ಜೇವರ್ಗಿ ನನ್ನ ಪಾಲಿಗೆ ಬಂದಿವೆ. ಅಲ್ಲಿನವರಿಗೆ ಕೆಲಸದ ಕ್ರಮ ಕಲಿಸಿ, ನಾನು ಬಸ್ ಹತ್ತಿದ ಮೇಲೂ ಅದು ಉಳಿಯುವಂತೆ ನೋಡಿಕೊಳ್ಳುವುದು ನನ್ನ ಹುದ್ದೆ. ಮೂರು ವರ್ಷ ಓಡಾಡಿದ ಮೇಲೆ ಪುಣೆಯ ಸಾಹೇಬರು, "ಈ ವರ್ಷವೂ ಏನೂ ಉಳಿಯದಿದ್ದರೆ ನಿಮ್ಮನ್ನು ಇಟ್ಟುಕೊಳ್ಳುವುದು ಕಷ್ಟ" ಎಂದರು. ನನಗೆ ಐವತ್ತರ ಹತ್ತಿರ ವಯಸ್ಸು. ನಿಜವಾಗಿ ಹೆದರಿದೆ. ಏನೇನು ಉಳಿದಿದೆ ನೋಡೋಣ ಎಂದು ಹೊರಟೆ.

ನಿಂತು ಮಾಡುವ ಸಭೆ

ದಿನಾ ಬೆಳಿಗ್ಗೆ ಹದಿನೈದು ನಿಮಿಷ ಎಲ್ಲರೂ ನಿಂತುಕೊಂಡೇ ತಮ್ಮ ತಮ್ಮ ಕೆಲಸ ಹೇಳಬೇಕು. ಕುಳಿತರೆ ಮಾತು ಬೆಳೆಯುತ್ತದೆ ಎಂದು ಈ ನಿಯಮ. ಆಳಂದಕ್ಕೆ ಹೋಗಿ ನೋಡಿದರೆ ಎಂಟು ಜನ ಕುರ್ಚಿಯಲ್ಲಿ, ನಡುವೆ ಚಹಾ, ಮಂಡಕ್ಕಿಯ ಸೂಸಲಾ. ಒಬ್ಬ ಮಾತ್ರ ನಿಂತಿದ್ದ.

"ಇದೇನ್ರಿ?" ಎಂದೆ.

"ಮಂದಿನ್ನ ನಿಂದ್ರಿಸಿ ಮಾತಾಡ್ಸೂದು ಛಂದ ಕಾಣಂಗಿಲ್ರಿ ಮೇಡಂ," ಎಂದರು ಅಲ್ಲಿನ ಹಿರಿಯರು. "ಅದಕ್ಕ ಪಾಳಿ ಹಚ್ಚೇವಿ. ಇವತ್ತ ಎಲ್ಲಾರ ಪರವಾಗಿ ಇಂವ ನಿಂತಾನ."

ಸಭೆ ಶುರುವಾಗಿ ಒಂದು ತಾಸಾಗಿತ್ತು. ನಿಂತವನು ಮೆಲ್ಲಗೆ ಕೇಳಿದ: "ನೀವು ಹೆಂಗೂ ನಿಂತೀರಲ್ರಿ ಮೇಡಂ, ನಾ ಜರಾ ಕುಂದರ್ಲೇನ್ರಿ?"

ಒಬ್ಬನೇ ಮಾಡಿದ ತಪ್ಪುಗಳು

ಗಿರಾಕಿಗೆ ಕೊಡುವ ಮೊದಲು ಸಿಕ್ಕ ತಪ್ಪನ್ನೆಲ್ಲ, ಮಾಡಿದವರ ಹೆಸರಿನ ಜೊತೆ ಬರೆದಿಡಬೇಕು. ಅಫಜಲಪುರದವರು ಒಂದು ದಿನವೂ ಬಿಡದೆ ಬರೆದಿದ್ದರು. ನನಗೆ ಹಿಗ್ಗೋ ಹಿಗ್ಗು. ಆಮೇಲೆ ನೋಡಿದರೆ ಅಷ್ಟೂ ತಪ್ಪು ಒಬ್ಬನ ಹೆಸರಲ್ಲಿ. ಅವನು ಕೆಲಸ ಬಿಟ್ಟು ಶಾಲೆಯ ಮಾಸ್ತರನಾಗಿ ಎಂಟು ತಿಂಗಳಾಗಿತ್ತು.

ತಂಡದ ಮುಖ್ಯಸ್ಥರನ್ನು ಎಲ್ಲರೂ ಚಾಚಾ ಅನ್ನುತ್ತಾರೆ. "ಇದ್ದವರ ಹೆಸರು ಬರದ್ರ ಅವರ ಮನಸ್ಸಿಗೆ ಹತ್ತತದ್ರಿ," ಎಂದರು ಚಾಚಾ. "ಅವನ್ನ ಕೇಳೇ ಬರದೇವಿ. 'ಬರಕೋರಿ, ನಂದೇನ್ ಹೋಗ್ತದ' ಅಂದ."

ಅಷ್ಟರಲ್ಲಿ ಆ ಪಟ್ಟಿ ಓದಿದ ಪುಣೆಯವರ ಪತ್ರ ಬಂತು. ಇಷ್ಟೊಂದು ತಪ್ಪು ಮಾಡುವವನನ್ನು ಮೂರು ದಿನದ ತರಬೇತಿಗೆ ಕೂಡಲೇ ಕಳಿಸಿ ಎಂದು. ನಾನು ತಲೆ ಹಿಡಿದುಕೊಂಡು ಕುಳಿತೆ. ಮರುದಿನ ಚಾಚಾ ಫೋನ್ ಮಾಡಿದರು: "ಅಂವಗ ಶಾಲಿ ಸೂಟಿ ಅದಂತ್ರಿ. ಹೋಗಿ ಬರ್ಲೇನು ಅಂತ ಕೇಳಾಕತ್ತಾನ."

ಜೇವರ್ಗಿಯ ಯೋಜನೆ

ಕೊನೆಗೆ ಸಾಹೇಬರೇ ತಪಾಸಣೆಗೆ ಹೊರಟರು. ಮೂರೂ ಊರಿನವರಿಗೆ ಕೈಮುಗಿದೆ: "ಒಂದು ವಾರ ಹೇಳಿದಂಗ ಮಾಡ್ರಿ, ನನ್ನ ಕೆಲಸದ ಪ್ರಶ್ನೆ." ಪುಣ್ಯಾತ್ಮರು ಒಂದು ಕೂದಲೆಳೆಯಷ್ಟೂ ತಪ್ಪದೆ ಮಾಡಿ ತೋರಿಸಿದರು. ಸಾಹೇಬರಿಗೆ ಬಹಳ ಸಂತೋಷವಾಯಿತು. "ಎಲ್ಲ ತಾನಾಗಿಯೇ ನಡೆಯುತ್ತಿದೆ," ಎಂದರು. "ಇನ್ನು ನಿಮ್ಮ ಹುದ್ದೆ ಯಾಕೆ ಬೇಕು?"

ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತೆ. ಸುದ್ದಿ ತಿಳಿದು ಮರುದಿನ ಜೇವರ್ಗಿ ತಂಡವನ್ನು ನಡೆಸುವ ಹುಡುಗಿ ಫೋನ್ ಮಾಡಿದಳು.

"ಫಿಕರ್ ಮಾಡಬ್ಯಾಡ್ರಿ ಮೇಡಂ. ಸೋಮವಾರದಿಂದ ಮೂರೂ ಊರಾಗ ಪೂರಾ ಕೆಡಸ್ತೇವಿ. ಯೋಜನಾ ಬರದು ನಿಮಗ ಕಳಿಸೇನಿ, ನೋಡ್ರಿ."

ತೆರೆದು ನೋಡಿದೆ. ಉದ್ದೇಶ: ಮೇಡಂ ಕೆಲಸ ಉಳಿಸುವುದು. ಯಾವ ದಿನ, ಯಾವ ಊರಲ್ಲಿ, ಯಾರು, ಯಾವ ತಪ್ಪು ಮಾಡಬೇಕು. ಗಿರಾಕಿಗೆ ತಲುಪುವ ಮೊದಲು ಅದನ್ನು ಯಾರು ಹಿಡಿಯಬೇಕು. ಹಿಡಿಯುವವರು ರಜೆ ಹಾಕಿದರೆ ಅವರ ಬದಲಿಗೆ ಯಾರು. ಮೂರು ವರ್ಷ ಗಂಟಲು ಹರಿದುಕೊಂಡು ಕಲಿಸಿದ್ದೆಲ್ಲ ಅದರಲ್ಲಿತ್ತು. ಹೆಮ್ಮೆಪಡಲೋ ಬೈಯಲೋ ತಿಳಿಯಲಿಲ್ಲ.

"ಇದು ತಪ್ಪು ತಂಗಿ. ಮೊದಲು ಅಳಿಸಿ ಹಾಕು!" ಎಂದೆ.

"ಈಗ ಆಗಂಗಿಲ್ರಿ," ಎಂದಳು. "ಬರದ ಯೋಜನಾ ಅವತ್ತೇ ಪುಣೆಕ ಕಳಿಸ್ಬೇಕು ಅಂತ ನೀವೇ ಕಲಿಸೀರಿ. ಮುಂಜಾನೇನ ಕಳಿಸೇವಿ."

ಸಂಜೆ ಸಾಹೇಬರ ಫೋನ್ ಬಂತು. ಅವರು ಹೇಳಿದರು: "ಎರಡು ಸಲ ಓದಿದೆ. ಒಂದು ತಪ್ಪೂ ಸಿಗಲಿಲ್ಲ. ಇಂಥ ಜನರನ್ನು ಅವರಷ್ಟಕ್ಕೇ ಬಿಡಲು ನನಗೆ ಧೈರ್ಯವಿಲ್ಲ. ನೀವು ಅಲ್ಲೇ ಇರಿ."